ಅಂಬಲಿಗೆ ಬಂದ ಜೀಪಿನವನು

ನಾನು ಚಿಕ್ಕವನಿದ್ದಾಗ ನಮ್ಮೂರು ನಿರ್ಣಾದ ಹೊಲಗಳಲ್ಲಿ, ಊರೆಲ್ಲ ಅಲ್ಲೇ ಸೇರಿ ಉಣ್ಣುವ ಎಳ್ಳ ಅಮಾವಾಸ್ಯೆಯ ದಿನ, ಯಾರೂ ಹಸಿದು ಹೋಗುವಂತಿರಲಿಲ್ಲ. ದಾರಿಯಲ್ಲಿ ನಡೆದು ಹೋಗುವ ಅಪರಿಚಿತನನ್ನೂ ಕೂಗಿ ಕರೆದು ಉಣಿಸಬೇಕು, ಅದು ನಮ್ಮ ಕಡೆಯ ಪದ್ಧತಿ. ಒಮ್ಮೆ ಉಂಡವರು ಮುಂದಿನ ವರ್ಷವೂ ಬರಬೇಕು, ಇಲ್ಲವೇ ನಮ್ಮನ್ನು ತಮ್ಮ ಹೊಲಕ್ಕೆ ಕರೆಯಬೇಕು. ಮಕ್ಕಳೇ, ಇದೊಂದನ್ನು ನೆನಪಿಟ್ಟುಕೊಳ್ಳಿ.

ಅವ್ವ ಜೋಳದ ಹಿಟ್ಟು ಕುದಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹೊಸ ಗಡಿಗೆಯಲ್ಲಿ ಹುಳಿಯಲು ಬಿಟ್ಟ ಅಂಬಲಿಗೆ ದೊಡ್ಡ ಹೆಸರಿತ್ತು. ಕುಡಿಯುವಾಗ ಹಸಿ ಮಣ್ಣಿನ ವಾಸನೆ ಮೂಗಿಗೆ ತಾಕುತ್ತಿತ್ತು. ಮಾಣಿಕನಗರದ ಅಂಗಡಿಕಾರರೂ ಅದಕ್ಕೆಂದೇ ಬರುತ್ತಿದ್ದರು. ಸೀರೆ ಚೆಂದ ಅಂದರೆ ಅವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಬಲಿ ಚೆಂದ ಅಂದರೆ ಬೇಡವೆಂದರೂ ಇನ್ನೊಂದು ಬಟ್ಟಲು ಸುರಿಯುತ್ತಿದ್ದಳು.

ಒಂದು ವರ್ಷ ಎಲ್ಲರೂ ಉಣ್ಣಲು ಕೂತಿದ್ದಾಗ ನಮ್ಮ ಹೊಲದ ಬದುವಿಗೆ ಜೀಪೊಂದು ಬಂದು ನಿಂತಿತು. ಇಸ್ತ್ರಿ ಅಂಗಿ ತೊಟ್ಟವನೊಬ್ಬ ಇಳಿದು, ಮಂಜುಗಡ್ಡೆಯ ಪೆಟ್ಟಿಗೆಯಿಂದ ಕಿತ್ತಳೆ ಬಣ್ಣದ ಬಾಟಲಿಗಳನ್ನು ತೆಗೆದು ಹಂಚತೊಡಗಿದ.

"ರೊಕ್ಕ ಬ್ಯಾಡ್ರಿ. ಕಂಪನಿ ಕೊಡಾಕತ್ತದ, ಕುಡ್ದು ನೋಡ್ರಿ," ಅಂದ.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುತ್ತಾರಲ್ಲ, ಹಾಗೆ ಮುಗಿಬಿದ್ದೆವು. ಮೊದಲ ಗುಟುಕಿಗೆ ಮೂಗು ಚುರ್ರೆಂದು ಕಣ್ಣಲ್ಲಿ ನೀರು ಬಂತು. ಅಕ್ಕ ಎಲ್ಲರೆದುರು ಜೋರಾಗಿ ತೇಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಮಾತ್ರ ತನ್ನ ಬಾಟಲಿಯನ್ನು ಹಣೆಗೊತ್ತಿಕೊಂಡಳು. ಹಬ್ಬದ ದಿನ ತಾನಾಗಿ ಬಂದು ಕೊಟ್ಟವನು ಅವಳ ಲೆಕ್ಕದಲ್ಲಿ ನೆಂಟನೇ.

"ಹಾಂಗೇ ಹೋಗಬಾರ್ದ್ರಿ. ಕುಂದುರ್ರಿ, ಉಂಡು ಹೋಗ್ರಿ," ಎಂದು ಅವನನ್ನು ಬೇವಿನ ನೆರಳಿಗೆ ಕೂರಿಸಿದಳು. ಅವನು ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ ಉಂಡ. ಅಂಬಲಿಯನ್ನು ಕೇಳಿ ಕೇಳಿ ಹಾಕಿಸಿಕೊಂಡ.

"ಇಂಥಾ ಅಂಬಲಿ ನಾ ಎಲ್ಲೂ ಕುಡ್ದಿಲ್ರಿ ಅವ್ವಾರ."

"ಹಂಗಾದ್ರ ಮುಂದಿನ ವರ್ಷನೂ ಬರ್ರಿ."

"ಬರ್ತೀನ್ರಿ," ಅಂದ. ಅವನು ಸುಳ್ಳು ಹೇಳಿದನೆಂದು ನನಗೆ ಈಗಲೂ ಅನಿಸುವುದಿಲ್ಲ. ಅಪ್ಪ ಮಾತ್ರ ಜೀಪು ಎಬ್ಬಿಸಿದ ಧೂಳು ನೋಡುತ್ತ, "ಬಿತ್ತಿ ಹೋದ ನೋಡು," ಅಂದ. ಹಾಗೆಂದರೇನೆಂದು ನನಗೆ ಆಗ ತಿಳಿಯಲಿಲ್ಲ.

ಮರುವರ್ಷ ಅವ್ವ ಅವನಿಗೆಂದೇ ಒಂದು ಗಡಿಗೆ ಅಂಬಲಿ ಬೇರೆ ಇಟ್ಟಳು. ಅವನು ಬರಲಿಲ್ಲ. ಅಷ್ಟರಲ್ಲಿ ಊರ ಅಂಗಡಿಯಲ್ಲಿ ಆ ಬಾಟಲಿಗಳು ಮಾರಾಟಕ್ಕೆ ಬಂದಿದ್ದವು. ಹೊಲಕ್ಕೆ ಬಂದವರು ಅಂಬಲಿಯ ಬಟ್ಟಲು ಹಿಡಿದುಕೊಂಡೇ, "ಹೋದ ವರ್ಷದ್ದು ಕಿತ್ತಳೆದು ಇಲ್ಲೇನ್ರಿ?" ಅಂದರು. ಮನೆಗೆ ಬಂದವರು ಕೇಳಿದ್ದನ್ನು ಇಲ್ಲ ಅನ್ನಬಾರದು. ಅಪ್ಪ ಬೈದುಕೊಳ್ಳುತ್ತಲೇ ಸೈಕಲ್ ಹತ್ತಿ ತರಲು ಹೋದ.

ಹೊತ್ತು ಮುಳುಗುವವರೆಗೂ ಅವ್ವ ದಾರಿ ನೋಡಿದಳು. "ಬರ್ತೀನಿ ಅಂದಿದ್ದ," ಅಂದಳು.

"ಅವ ಯಾಕ ಬರ್ತಾನ. ಅವನ ಕೆಲಸ ಮುಗೀತು," ಅಂದ ಅಪ್ಪ.

ಅವ್ವ ಆ ಗಡಿಗೆಯನ್ನು ಎತ್ತುಗಳ ಮುಂದೆ ಸುರಿದಳು. ಅಲ್ಲಿಂದಾಚೆ ಅವಳು ದೊಡ್ಡ ಗಡಿಗೆ ಇಡಲಿಲ್ಲ. ನನಗೆ ಆ ಸಂಜೆಯ ಸಂಕಟ ಇನ್ನೂ ಹೋಗಿಲ್ಲ.

ಈಗ ಹುಮನಾಬಾದಿನ ನಮ್ಮ ಮನೆಯಲ್ಲಿ ಆ ಜೀಪು ಮೊಮ್ಮಕ್ಕಳ ಫೋನಿನೊಳಗೇ ಬರುತ್ತದೆ, ದಿನವೂ ಬರುತ್ತದೆ. ನಿನ್ನೆ ಹೆಸರೇ ಗೊತ್ತಿರದ ವಸ್ತು ಇವತ್ತು ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಬೇಡ ಬೇಡ ಎಂದು ಹೇಳಿ ನನಗೂ ಸಾಕಾಗಿದೆ.

ಮೊನ್ನೆ ಮೊಮ್ಮಗಳು ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ತಂದಳು. ಒಳಗೆ ಅಂಬಲಿ. ಮೇಲೆ ನಗುವ ಮುದುಕಿಯೊಬ್ಬಳ ಚಿತ್ರ.

"ಮುತ್ಯಾ, ಇದು ಭಾಳ ಚಲೋ ಅಂತ. ಫೋನಿನ್ಯಾಗ ತೋರಸಾಕತ್ತಾರ. ನಿಮ್ಮ ಕಾಲದಾಗ ಇತ್ತೇನ್ರಿ?"

ಒಂದು ಗುಟುಕು ಕುಡಿದೆ. ಹುಳಿ ಸರಿಯಾಗಿಯೇ ಇತ್ತು, ಮಣ್ಣಿನ ವಾಸನೆ ಇರಲಿಲ್ಲ. "ಇತ್ತವ್ವ. ನಮ್ಮವ್ವ ದಾರಿಗ್ಹೋಗೋರ್ನ ಕರ್ದು ಕರ್ದು ಕುಡಸ್ತಿದ್ಲು, ಪುಕ್ಕಟೆ," ಅಂದೆ.

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಪುಕ್ಕಟೆ ಯಾಕ ಮುತ್ಯಾ? ಮುಂದ ಏನ್ ಮಾರೋದಿತ್ತು ಆಕಿಗೆ?"

ನಾನು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದೆ.