ಭೂಮದ ಉಂಡಿ ಮತ್ತು ಇಂಡಿಯ ಹಲ್ಲಿನ ಡಾಕ್ಟರು

ಕಳೆದ ವಾರ ಬಸವನ ಬಾಗೇವಾಡಿಯ ದವಾಖಾನೆಯೊಂದರಲ್ಲಿ ಮಗಳ ಹಲ್ಲು ತೋರಿಸಲು ಕುಳಿತಿದ್ದೆ. ಒಳಗಿನಿಂದ ಲವಂಗದೆಣ್ಣೆಯ ವಾಸನೆ ಬಂದದ್ದೇ ತಡ, ನನ್ನ ತವರೂರು ಇಂಡಿಯ ಹಲ್ಲಿನ ಡಾಕ್ಟರು ಕಣ್ಣ ಮುಂದೆ ಬಂದು ನಿಂತರು...

ತೊಂಬತ್ತರ ದಶಕದ ಕೊನೆ. ನನ್ನ ಮದುವೆ ವಾರದೊಳಗಿತ್ತು. ದವಡೆ ಹಲ್ಲು ಅದೇ ಮುಹೂರ್ತ ನೋಡಿ ಕೈಕೊಟ್ಟಿತು. ರೂಟ್ ಕೆನಾಲ್ ಎಂದರೆ ಮನೆಯವರಿಗೆಲ್ಲ ನಡುಕ. ಹಿಂದೊಮ್ಮೆ ಅಣ್ಣ ಬೇರೆ ಊರಲ್ಲಿ ಅದನ್ನು ಮಾಡಿಸಿಕೊಂಡು ಬಂದು, ಹಲ್ಲು ಗಟ್ಟಿಯಾಯಿತೋ ಇಲ್ಲವೋ ಎಂದು ಅಂದೇ ಸಂಜೆ ಕಡಕ್ ರೊಟ್ಟಿ ಕಡಿದು ನೋಡಿದ್ದ. ನಮ್ಮ ಕಡೆ ಹಲ್ಲಿಗೆ ಬೇರೆ ಪರೀಕ್ಷೆಯೇ ಇಲ್ಲವಲ್ಲ! ಮರುದಿನ ಅವನ ಗಲ್ಲ ಬನ್ನಿನಂತೆ ಬಾತಿತ್ತು. ಅಂಥ ಮುಖ ಹೊತ್ತು ಮುದ್ದೇಬಿಹಾಳದ ಬೀಗರ ಮುಂದೆ ಹೇಗೆ ಕೂರಲಿ? ಅದಕ್ಕಿಂತ ಹೆಚ್ಚಾಗಿ ಭೂಮದ ಊಟದ ಚಿಂತೆ. ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುವಾಗ, ಗಂಡ ತಿನ್ನಿಸಿದ ಗಟ್ಟಿ ಬೆಲ್ಲದ ಉಂಡಿಯನ್ನು ಹೆಣ್ಣು ಹೇಗೆ ಕಡಿಯುತ್ತಾಳೆಂದು ಬೀಗರ ಹೆಂಗಸರು ಕಣ್ಣು ಪಿಳುಕಿಸದೆ ನೋಡುತ್ತಾರೆ.

ಬೇರೆ ದಾರಿಯಿಲ್ಲದೆ ನಮ್ಮೂರ ಡಾಕ್ಟರ ಕುರ್ಚಿಯಲ್ಲಿ ಕುಳಿತೆ. ಅವರೋ ನಮ್ಮ ಬಾಯಿ ತೆರೆಸಿಟ್ಟು ತಾವೇ ಮಾತಾಡುವವರು. "ಅವಸರ ಮಾಡಿ ಸೂಜಿ ಬೇರಿನ ತುದಿ ದಾಟಿಸಿದ್ರ, ಒಳಗಿನ ಹೊಲಸು ಹೊರಗ ಬಿದ್ದು ಬ್ಯಾನಿ ಹುಟ್ಟತೈತಿ. ನಾ ಎಕ್ಸ್‌ರೇ ನೋಡಿ ಅಲ್ಲೇ ನಿಲ್ಲಸ್ತೇನಿ," ಎನ್ನುತ್ತ ಮೆಲ್ಲಗೆ ಸೂಜಿ ತಿರುವಿದರು, ಮತ್ತೆ ಮತ್ತೆ ತೊಳೆದರು. ಕೊನೆಗೆ ಹಲ್ಲಿನ ನೆತ್ತಿಯನ್ನು ಒಂಚೂರು ತೇಯ್ದರು. ಮೇಲಿನ ಹಲ್ಲು ಬಡಿಯದಿದ್ದರೆ ನೋವು ಕಡಿಮೆಯಂತೆ.

"ಇನ್ನ ಮದುವಿತನಾ ಬರೇ ನುಚ್ಚು, ಮಜ್ಜಿಗಿ. ರೊಟ್ಟಿ ಮುಟ್ಟಿದಿ ಅಂದ್ರ ನಾನ ಬಂದು ಮದುವಿ ನಿಲ್ಲಸ್ತೇನಿ ನೋಡವ್ವಾ!"

ಆ ಸಂಜೆ ಹಲ್ಲು ಸ್ವಲ್ಪ ಜುಮುಗುಟ್ಟಿತು, ಅಷ್ಟೇ. ನಾನೂ ರೊಟ್ಟಿಯ ಬುಟ್ಟಿಯ ಕಡೆ ತಿರುಗಿ ನೋಡಲಿಲ್ಲ.

ಭೂಮದಲ್ಲಿ ಉಂಡಿ ಬಾಯಿಗೆ ಬಂದಾಗ ಎದೆ ಡವಗುಟ್ಟಿತು. ದೇವರ ಮೇಲೆ ಭಾರ ಹಾಕಿ ಅದೇ ಹಲ್ಲಿನಿಂದ ಕಡಿದೆ. ನೋವೇ ಇಲ್ಲ! ಮದುವೆಗೆ ಬಂದು ಜನರ ನಡುವೆ ನಿಂತಿದ್ದ ಡಾಕ್ಟರು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟರು. ಹುಡುಗಿ ಉಂಡಿ ತಿಂದಿದ್ದಕ್ಕೆ ಇವರ್ಯಾಕೆ ಚಪ್ಪಾಳೆ ಹೊಡೆಯುತ್ತಾರೆಂದು ಬೀಗರು ಮಿಕಿಮಿಕಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಬಾಗೇವಾಡಿಯ ದವಾಖಾನೆಯಲ್ಲಿ ಮಗಳ ಸರದಿ ಮುಗಿಯುವಷ್ಟರಲ್ಲಿ ಅಣ್ಣನಿಗೆ ಫೋನ್ ಮಾಡಿ, ಡಾಕ್ಟರು ಹೇಗಿದ್ದಾರೆ ಎಂದೆ. ಅವರು ತೀರಿಕೊಂಡು ವರ್ಷವಾಯಿತಂತೆ... ಯಾರೂ ನನಗೆ ಹೇಳಿರಲಿಲ್ಲ. ನಾಲಿಗೆ ತಾನಾಗಿ ಆ ದವಡೆ ಹಲ್ಲನ್ನು ಮುಟ್ಟಿ ನೋಡಿತು. ಆಮೇಲೆ ಅಣ್ಣನೇ ಹೇಳಿದ:

"ನಿನ್ನ ಮದುವ್ಯಾಗ ಊಟಕ್ಕ ಕೂಡ್ರಿ ಅಂತ ನಾ ಎಷ್ಟ ಕರದ್ರೂ ಅವರು ಕೂಡಲಿಲ್ಲ. 'ಮೊದಲ ನಮ್ಮ ಹುಡುಗಿ ಉಣ್ಣಲಿ' ಅಂತ ಹಸದ ನಿಂತಿದ್ರು."