ಹೇಳದೆ ಹೋಗಿ ನೋಡಿದ ಕಾಲೇಜು

ಮೊಣಕೈವರೆಗೂ ಹಸಿರು ಹಚ್ಚೆ, ಆ ಹಚ್ಚೆಯ ಮೇಲೆ ಮೊಮ್ಮಗ ಕೊಡಿಸಿದ ಸ್ಮಾರ್ಟ್ ವಾಚು. ನಮ್ಮ ಓನರ್ ಆಂಟಿ ಎಂದರೆ ನನಗೆ ಮೊದಲು ನೆನಪಾಗುವುದು ಆ ಕೈ. ಅನ್ನಪೂರ್ಣೇಶ್ವರಿ ನಗರ ಬಡಾವಣೆಯಾಗುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಹೊಲ ಹೋಗಿ ಮೂರಂತಸ್ತಿನ ಕಟ್ಟಡ ಎದ್ದಿತ್ತು; ನಾವು ನಡುವಿನ ಮಹಡಿಯ ಬಾಡಿಗೆಯವರು. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಅದೇ ಉಸಿರಿನಲ್ಲಿ "ಉಪ್ಸಾರು ಮಾಡಿದೀನಿ, ಬಟ್ಲು ತಾ" ಎನ್ನುತ್ತಿದ್ದರು. ನನ್ನ ಮಗಳಿಗೆ ಮಾತ್ರ ಒಂದು ದಿನವೂ ಬೈದವರಲ್ಲ. ಅವಳಿಗೆ ಅವರು ಅಜ್ಜಿ.

ಮಗಳ ಸಿಇಟಿ ಫಲಿತಾಂಶ ಬಂದ ದಿನ ಮನೆಯೆಲ್ಲ ಹಬ್ಬ. ಎರಡು ಎಂಜಿನಿಯರಿಂಗ್ ಕಾಲೇಜುಗಳು ಕೈಗೆಟುಕುವಂತಿದ್ದವು: ಕೆಂಗೇರಿಯಾಚೆಯದೊಂದು, ಮಾಗಡಿ ರಸ್ತೆ ಕಡೆಯದೊಂದು. ಯಾವುದನ್ನು ಮೊದಲ ಆಯ್ಕೆಯಾಗಿ ಹಾಕುವುದು? ನಮ್ಮೆಜಮಾನರದು ಒಂದೇ ಮಂತ್ರ, ಪ್ಲೇಸ್‌ಮೆಂಟ್. ನನ್ನ ಚಿಂತೆ ಬೇರೆ. ಪಿಯುಸಿಯಲ್ಲಿ ಒಮ್ಮೆ ಅವಳು ಡೌಟ್ ಕೇಳಿದಾಗ "ಇಷ್ಟೂ ಗೊತ್ತಿಲ್ವಾ?" ಎಂದು ಲೆಕ್ಚರರ್ ಇಡೀ ತರಗತಿಯನ್ನು ನಗಿಸಿದ್ದರು. ಅಂದಿನಿಂದ ಹುಡುಗಿ ಕ್ಲಾಸಿನಲ್ಲಿ ತುಟಿ ಪಿಟಕ್ಕೆನ್ನಲಿಲ್ಲ, ಊಟವೂ ಒಬ್ಬಳೇ. ಇನ್ನು ನಾಲ್ಕು ವರ್ಷ ಹೀಗೇ ಕಳೆದರೆ ಇವಳು ಮಾತೇ ಮರೆಯುತ್ತಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಕೆಂಗೇರಿಯಾಚೆಯ ಕಾಲೇಜಿನವರು ಪೋಷಕರನ್ನು ಕರೆದ ದಿನ ನಾನು ಹೋಗಿ ಬೆರಗಾಗಿ ಬಂದಿದ್ದೆ. ಗಾಜಿನ ಕಟ್ಟಡ, ಕೋಟು ತೊಟ್ಟ ವಿದ್ಯಾರ್ಥಿಗಳು, ಬಂದವರಿಗೆಲ್ಲ ಬಾದಾಮಿ ಹಾಲು! ನಾನು ಉಸಿರು ಬಿಡದೆ ವರ್ಣಿಸುತ್ತಿದ್ದರೆ ಆಂಟಿ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು.

"ಕರೆದಾಗ ಹೋಗೋದು ಊಟ ಮಾಡೋಕೆ ಕಣಮ್ಮ. ಮನೆ ನೋಡೋಕೆ ಹೇಳ್ದೆ ಹೋಗ್ಬೇಕು."

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡುವುದು ಅವರಲ್ಲಿ ಹಾಗಂತೆ. ಆಂಟಿಯ ಅಪ್ಪ, ಎತ್ತು ತಪ್ಪಿಸಿಕೊಂಡಿದೆ ಎಂದು ನೆಪ ಹೇಳಿ, ಬೀಗರಾಗುವವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಬಂದಿದ್ದರಂತೆ. "ಮಾವ ಒಳಗ್ ಬಂದಾಗ ಸೊಸೆಯರ ಮಾತು ನಿಂತೋದ್ರೆ ಆ ಮನೆಗೆ ಹೆಣ್ ಕೊಡ್ಬಾರ್ದು ಅಂತಿದ್ದ ನಮ್ಮಪ್ಪ."

ಮಾರನೆಯ ದಿನವೇ ಆಂಟಿ, ಮಗಳು, ನಾನು ಮೂವರೂ ಹೊರಟೆವು. ಆಂಟಿ ರೇಷ್ಮೆ ಸೀರೆ ಉಟ್ಟು, ಮದುವೆಗೆ ಹೊರಟ ಉಮೇದಿನಲ್ಲಿ ಆಟೊದ ನಡುವೆ ಕೂತರು. ಆ ಉಮೇದು ನನಗೂ ಅಂಟಿಕೊಂಡಿತು. ಕೆಂಗೇರಿಯಾಚೆಯ ಗೇಟಿನಲ್ಲಿ ಸೆಕ್ಯುರಿಟಿಯವನು "ಅಪಾಯಿಂಟ್‌ಮೆಂಟ್ ಇದ್ಯಾ ಅಜ್ಜಿ?" ಎಂದ. "ನೀರ್ ಕುಡಿಯೋಕೂ ಅಪಾಯಿಂಟ್‌ಮೆಂಟೇನಪ್ಪಾ?" ಎಂದವರೇ ನೆಟ್ಟಗೆ ಕ್ಯಾಂಟೀನಿಗೆ ನಡೆದರು.

ಕ್ಯಾಂಟೀನು ಗಿಜಿಗುಡುತ್ತಿತ್ತು. ಅಷ್ಟರಲ್ಲಿ ಒಬ್ಬ ಮೇಷ್ಟ್ರು ಒಳಗೆ ಬಂದರು. ಎಲ್ಲ ಗಪ್‌ಚುಪ್. ಹುಡುಗನೊಬ್ಬ ಕಚ್ಚಿದ ಸಮೋಸವನ್ನು ಅಗಿಯದೆ ಕೂತ.

"ಎದ್ದೇಳು, ಹೋಗೋಣ" ಎಂದರು ಆಂಟಿ.

"ಅದು ಡಿಸಿಪ್ಲಿನ್ ಆಂಟಿ!"

"ಭಯ ಕಣಮ್ಮ. ನಮ್ಮ ಮಗು ಹತ್ರ ಅದು ಆಗ್ಲೇ ಬೇಕಾದಷ್ಟಿದೆ."

ಮಾಗಡಿ ರಸ್ತೆ ಕಡೆಯ ಕಾಲೇಜಿನಲ್ಲಿ ಗೋಡೆಯ ಸುಣ್ಣ ಕಿತ್ತುಬಂದಿತ್ತು. ನನಗೆ ನಿರಾಸೆಯಾಯಿತು. ಆಂಟಿ ಮಾತ್ರ ಹುಡುಗಿಯರ ಟೇಬಲ್ಲಿಗೇ ಹೋಗಿ ಕೂತು, "ಯಾವೂರಮ್ಮ? ಅಪ್ಪ ಏನ್ಮಾಡ್ತಾರೆ?" ಎಂದು ಶುರು ಮಾಡಿದರು.

ಧಾರವಾಡದ ಕಡೆಯ ಹುಡುಗಿಯೊಬ್ಬಳು ಕೈ ಮುಗಿದಳು. "ಹೆಣ್ಣು ನೋಡಾಕ ಬಂದೀರೇನ್ರಿ ಅಜ್ಜಿ? ನಮ್ಮನ್ನ ಬಿಡ್ರಿ, ಮುಂದಿನ ವಾರ ಪರೀಕ್ಷಾ ಐತಿ."

"ನೋಡೋಕಲ್ಲ ಕಣವ್ವಾ, ಕೊಡೋಕೆ ಬಂದಿದೀನಿ. ತಗೋ, ಇವಳೇ" ಎಂದು ನನ್ನ ಮಗಳನ್ನು ಮುಂದಕ್ಕೆ ತಳ್ಳಿದರು. ಟೇಬಲ್ಲಿಗೆ ಟೇಬಲ್ಲೇ ಗೊಳ್ಳೆಂದಿತು. ಮಗಳು ನಾಚಿದಳು, ಆದರೆ ಅವರ ಜೊತೆ ಕೂತಳು.

ಅಲ್ಲಿಗೂ ಒಬ್ಬ ಮೇಷ್ಟ್ರು ಬಂದರು. ಯಾರ ಮಾತೂ ನಿಲ್ಲಲಿಲ್ಲ. "ಸಾರ್, ಬೆಳಿಗ್ಗೆ ಹೇಳಿದ್ದು ತಲೆಗೆ ಹೋಗ್ಲಿಲ್ಲ" ಎಂದು ಹುಡುಗನೊಬ್ಬ ಅವರಿಗೆ ಸ್ಟೂಲು ಎಳೆದ. ಅವರು ಟೀ ಕುಡಿಯುತ್ತ ವಿವರಿಸಿದರು, ಅವನು ಮತ್ತೂ ಕೆದಕಿದ. "ಇದು ನನಗೂ ಗೊತ್ತಿಲ್ಲ ಕಣೋ, ನಾಳೆ ನೋಡ್ಕೊಂಡ್ ಬರ್ತೀನಿ" ಎಂದರು ಮೇಷ್ಟ್ರು.

ಆಂಟಿ ಸಂಭ್ರಮಕ್ಕೆ ನನ್ನ ತೊಡೆ ಚಿವುಟಿದರು. "ಗೊತ್ತಿಲ್ಲ ಅನ್ನೋ ಮೇಷ್ಟ್ರು ಸಿಕ್ಕವ್ರೆ. ಬಿಡ್ಬೇಡ!"

ಬಿಡಲಿಲ್ಲ. ಅದನ್ನೇ ಮೊದಲ ಆಯ್ಕೆಯಾಗಿ ಹಾಕಿದೆವು, ಸೀಟೂ ಸಿಕ್ಕಿತು. ಮೊದಲ ಸೆಮಿಸ್ಟರಿನ ಹೊತ್ತಿಗೆ ಆಂಟಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ನಾನು ಅವರ ಪಕ್ಕ ಕೂತಿದ್ದಾಗ ಮಗಳು ಬ್ಯಾಗನ್ನೂ ಇಳಿಸದೆ ನುಗ್ಗಿ ಬಂದಳು.

"ಅಜ್ಜಿ, ಇವತ್ತು ಕ್ಲಾಸಲ್ಲಿ ಎದ್ದು ನಿಂತು ಕೇಳ್ದೆ!"

"ಏನಂದ್ರು ಮೇಷ್ಟ್ರು?"

"ನಿನ್ ಪ್ರಶ್ನೆನೇ ತಪ್ಪು ಅಂದ್ರು."

ಮತ್ತೆ ಪಿಯುಸಿಯ ಕಥೆಯೇ ಎಂದುಕೊಂಡೆ ನಾನು.

"ನೀನೇನ್ ಮಾಡ್ದೆ?" ಎಂದರು ಆಂಟಿ.

"ಹಂಗಾದ್ರೆ ಸರಿಯಾಗಿ ಹೆಂಗ್ ಕೇಳ್ಬೇಕು ಹೇಳಿ ಸಾರ್ ಅಂದೆ. ಹೇಳ್ಕೊಟ್ರು!"

ಆಂಟಿ ದಿಂಬು ಹಿಡಿದು ಎದ್ದು ಕೂತರು. "ಇನ್ನೊಂದ್ಸಲ ಹೇಳು." ಅವಳು ಕೈ ಬೀಸಿ ಬೀಸಿ ಮೊದಲಿನಿಂದ ಎಲ್ಲ ಹೇಳಿದಳು.

ಆ ತಿಂಗಳಲ್ಲೇ ಆಂಟಿ ತೀರಿಕೊಂಡರು. ಈಗ ಮಗಳು ಮನೆಗೆ ಬಂದರೆ ಮಾತೋ ಮಾತು, ನನ್ನ ತಲೆ ಚಿಟ್ಟು ಹಿಡಿಯುತ್ತದೆ. ಆದರೂ "ಸುಮ್ನಿರೇ ಸ್ವಲ್ಪ" ಎಂದು ನಾನು ಅವಳಿಗೆ ಒಮ್ಮೆಯೂ ಹೇಳಿಲ್ಲ. ಆಂಟಿಯ ಋಣವನ್ನು ನಾನು ತೀರಿಸಬಹುದಾದದ್ದು ಅಷ್ಟರಿಂದಲೇ.