ಅತ್ತೆ ಬಿಚ್ಚಿದ ಬೆಸುಗೆ

ತನ್ನ ಫ್ರೆಂಚ್ ಹಾರ್ನನ್ನು, ಸುರುಳಿ ಸುತ್ತಿದ ಆ ಹಿತ್ತಾಳೆ ತುತ್ತೂರಿಯನ್ನು, ಅತ್ತೆಯ ರಿಪೇರಿ ಮೇಜಿನ ಮೇಲೆ ಮಲಗಿಸಿ ಕೂರುವುದೆಂದರೆ ಅಳಿಯನಿಗೆ ಮಾನ ಹರಾಜಿಗಿಟ್ಟಂತೆ. ಮದುವೆಯಾದಾಗಿನಿಂದ "ನನ್ನ ವಾದ್ಯಕ್ಕೆ ರಿಪೇರಿ ಬೇಕಿಲ್ಲ" ಎಂದು ಮೀಸೆ ತಿರುವಿದವನು ಅವನು. ಆದರೆ ಒಂದು ವರ್ಷದಿಂದ ವಾದ್ಯವೃಂದದಲ್ಲಿ ಅವನ ಒಂದು ಎತ್ತರದ ಸ್ವರ ಒಡೆಯುತ್ತಲೇ ಇತ್ತು. ಶನಿವಾರದ ತಾಲೀಮಿನಲ್ಲೂ ಒಡೆದರೆ ಕುರ್ಚಿ ಬೇರೆಯವರಿಗೆ ಎಂದಿದ್ದರು ನಿರ್ದೇಶಕರು.

"ತುಟಿ ಕೈ ಕೊಡ್ತಿದೆ ಅತ್ತೆ. ಹಾರ್ನ್‌ದೇನೂ ತಪ್ಪಿಲ್ಲ," ಅಂದ, ಇನ್ನೂ ಬಿಗುಮಾನ ಬಿಡದೆ.

ಅತ್ತೆ ಪಾತ್ರೆಗೆ ಬೆಸುಗೆ ಹಾಕುತ್ತಿದ್ದ ತಂದೆಯ ಪಕ್ಕ ಕೂತು ಕೆಲಸ ಕಲಿತವರು. ಮೂವತ್ತು ವರ್ಷದಿಂದ ಹಾರ್ನ್ ಕಟ್ಟುತ್ತಾರೆ, ಹಳೆಯದನ್ನು ಬಿಚ್ಚಿ ತಿದ್ದುತ್ತಾರೆ. ಊದಲು ಮಾತ್ರ ಬಾರದು. ತಾವು ಊದಿದರೆ ಎಮ್ಮೆಗೂ ಬೇಜಾರಾದೀತು ಎಂದು ಅವರೇ ನಗುತ್ತಾರೆ.

ಸುರುಳಿ ಕೊಳವೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಬಂದವರು ಒಂದೆಡೆ ನಿಂತರು. ಎರಡು ಕೊಳವೆಗಳನ್ನು ಸೇರಿಸಿ ಹಿಡಿದಿದ್ದ ಪುಟ್ಟ ಪಟ್ಟಿ ಅದು. ಉಳಿದೆಡೆ 'ಟಣ್' ಎಂದದ್ದು ಅಲ್ಲಿ 'ಟಕ್' ಎಂದಿತು.

"ಇದು ಬಿಟ್ಟುಹೋಗಿತ್ತಾ ಅಳಿಯಂದ್ರೇ?"

"ಇಲ್ವಲ್ಲ ಅತ್ತೆ..."

"ನಿಜ ಹೇಳ್ರೀ!" ಬಾಗಿಲಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. "ಹೋದ ವರ್ಷ ಮೆಟ್ಟಿಲ ಮೇಲೆ ಬೀಳಿಸಿದ್ರಮ್ಮ. ಫ್ಯಾನ್ ರಿಪೇರಿಯವನು ಬೆಸುಗೆ ಹಾಕ್ದ, ಇವ್ರು ಎರಡೂ ಕೈಲಿ ಅಮುಕಿ ಹಿಡ್ಕೊಂಡಿದ್ರು!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಳಿಯನಿಗೆ. ಅತ್ತೆ ಬೈಯಲಿಲ್ಲ.

"ಬಿದ್ದಾಗ ಬಾಗಿದ ಕೊಳವೆ ಒಲ್ಲೆ ಅಂತಿತ್ತು, ನೀವು ಕತ್ತು ಹಿಡಿದು ಕೂರ್ಸಿದ್ದೀರಿ. ಆ ಬಿಗಿತಕ್ಕೇ ಸ್ವರ ಒಡೀತಿದೆ. ಅಷ್ಟೇ."

ಬೆಂಕಿ ತಾಗಿಸಿದರು. ಬೆಸುಗೆ ಫಳಕ್ಕನೆ ಹೊಳೆದು ಕರಗಿತು. ಯಾರೂ ಮುಟ್ಟದೆಯೇ ಕೊಳವೆ ಅಕ್ಕಿಕಾಳಿನಷ್ಟು ದೂರ ತಾನಾಗಿ ಜರುಗಿ ನಿಂತಿತು. ಅಳಿಯ ಬಗ್ಗಿ ನೋಡಿದ. ಇಡೀ ವರ್ಷ ಇದು ಹಲ್ಲು ಕಚ್ಚಿಕೊಂಡೇ ಹಾಡಿತ್ತಲ್ಲ!

ಅತ್ತೆ ಅದನ್ನು ಹಿಂದಕ್ಕೆ ತಳ್ಳಲಿಲ್ಲ. ಈಗಿನ ಸಂದನ್ನು ಅಳೆದು, ಅಷ್ಟಕ್ಕೇ ಹೊಂದುವ ಹೊಸ ಪಟ್ಟಿಯನ್ನು ಅರದಿಂದ ಉಜ್ಜಿ ಉಜ್ಜಿ ಮಾಡಿ, ಕೊಳವೆ ನಿಂತಲ್ಲೇ ಬೆಸೆದರು. ಆರಿದ ಮೇಲೆ ಒರೆಸಿ ಅಳಿಯನ ಕೈಗಿಟ್ಟರು.

"ಹಾಂ, ಊದಿ."

ಊದಿದ. ಸ್ವರ ಒಡೆಯಲಿಲ್ಲ; ಕೋಣೆ ತುಂಬ ದುಂಡಗೆ ನಿಂತಿತು, ಕಿಟಕಿಯ ಗಾಜು ಸಣ್ಣಗೆ ನಡುಗಿತು. ಮತ್ತೆ ಊದಿದ, ಮತ್ತೆ ಬಂತು. ಒಂದು ಸ್ವರವನ್ನೂ ಊದಲಾರದ ಆ ಹೆಂಗಸನ್ನು ದೇವರನ್ನು ಕಂಡವನಂತೆ ನೋಡಿದ.

"ತುಟಿ ಗಟ್ಟಿಯಾಗೇ ಇದೆ ಅಳಿಯಂದ್ರೇ. ಬಾಯಿ ಮುಚ್ಕೊಳ್ಳಿ, ನೊಣ ಹೋದೀತು."

ಶನಿವಾರ ಆ ಸ್ವರ ಒಡೆಯದೆ ಬಂದಾಗ ನಿರ್ದೇಶಕರು ತಲೆ ಕೂಡ ಎತ್ತಲಿಲ್ಲ; ಸ್ವರಲಿಪಿಯ ಹಾಳೆ ತಿರುವಿ ಮುಂದಕ್ಕೆ ಹೋದರು.